ಕಾಣೆಯಾದವನು ಕೇಳಿದ ಪಾಲು

"ಮೀನು ಎರಡು, ಪಿಯರೋಗಿ ಕಡುಬು ಒಂದು, ಕೋಸಿನ ಪಲ್ಯ ಬೇಡ. ಅದನ್ನ ಕೊಟ್ಟಾದ ಮೇಲೆ ನೀವೂ ಸ್ವಲ್ಪ ಬನ್ನಿ, ಬರ್ನಡೆಟ್ಟಮ್ಮ. ಒಂದು ಮಾತಿದೆ."

ಕಿಟಕಿಯ ಆಚೆ ಕಾರಿನ ಗಾಜು ಇಳಿಸಿಕೊಂಡು ಕೂತಿದ್ದವಳು ವೆರಾ ಕೊಸ್ತೆಲ್ನಿಕ್, ಜಿಲ್ಲೆಯ ಪತ್ತೇದಾರಿ ಅಧಿಕಾರಿ. ಮುಖದ ಮುಕ್ಕಾಲು ಪಾಲು ಮಾಸ್ಕಿನೊಳಗಿತ್ತು. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅವು ಮೀನಿನ ಕಡೆ ನೋಡುತ್ತಿರಲಿಲ್ಲ.

ಬರ್ನಡೆಟ್ ಸ್ಟಾಹುರಳ ಕೈಯಲ್ಲಿದ್ದ ಸಾಸಿನ ಡಬ್ಬಿ ಜಾರಿ ನೆಲಕ್ಕೆ ಬಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವೆರಾ ಕಳ್ಳ ಅನ್ನಲಿಲ್ಲ, ಕುಂಬಳಕಾಯಿ ಅನ್ನಲಿಲ್ಲ, ಕೇಳಿದ್ದು ಬರೀ ಕರಿದ ಮೀನು. ಆದರೂ ಬರ್ನಡೆಟ್ಟಳ ಕೈ ತಾನಾಗಿಯೇ ಏಪ್ರನ್ನಿನ ಜೇಬಿನಲ್ಲಿದ್ದ ಫೋನಿನ ಮೇಲೆ ಹೋಯಿತು. ಅರವತ್ತು ದಾಟಿದರೂ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಕಲಿಯದ ಹೆಂಗಸು. ಇಂಥವರು ತಪ್ಪು ಮಾಡಲೇಬಾರದು. ಮಾಡಿದರೆ ಮೈಯೆಲ್ಲ ಸಾಕ್ಷಿ ಹೇಳುತ್ತದೆ.

"ಏನ್ ವೆರಾ, ಗುಡ್ಡದ ಮೇಲಿನ ಗ್ರೀಕ್ ಚರ್ಚಿನವರೂ ನಮ್ಮ ಮೀನಿಗೆ ಇಳಿದು ಬಂದ್ರಾ?" ಬಾಣಲೆಯ ಹಿಂದಿನಿಂದ ಮುದುಕ ಚೆಸ್ಟರ್ ಕೂಗಿದ.

"ಮೀನಿಗಲ್ಲ ಚೆಸ್ಟರಣ್ಣ, ನಿಮ್ಮ ಎಣ್ಣೆ ಯಾವ ವರ್ಷದ್ದು ಅಂತ ತನಿಖೆಗೆ ಬಂದೆ."

ಅಡುಗೆಮನೆಯವರೆಲ್ಲ ನಕ್ಕರು. ಬರ್ನಡೆಟ್ ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಹಾಕಿದಳು, ಫೋನು ಅದರಲ್ಲೇ ಉಳಿಯಿತೆಂದು ನೆನಪಾಗಿ ಮತ್ತೆ ತೆಗೆದುಕೊಂಡಳು, ಕೈ ತೊಳೆದಳು, ಒರೆಸಿಕೊಂಡಳು, ಮರೆತು ಇನ್ನೊಮ್ಮೆ ತೊಳೆದಳು.

ಈಸ್ಟರಿಗೆ ಮುಂಚೆ ಮಾಂಸ ಬಿಟ್ಟು ಮೀನು ತಿನ್ನುವ ತಪಸ್ಸು ಕಾಲದ ಕೊನೆಕೊನೆಯ ಶುಕ್ರವಾರ ಅದು. ಕೆಳಗಿನ ಚರ್ಚಿನ ಸಭಾಂಗಣದ ಈ ಒಂದು ಕಿಟಕಿಗೆ ಆ ವರ್ಷ ಎರಡು ಕೆಲಸ, ಬೆಳಿಗ್ಗೆ ತೆರಿಗೆ, ಮಧ್ಯಾಹ್ನದಿಂದ ಮೀನು. ಕೊರೊನಾ ಬಂದು ಯಾರನ್ನೂ ಒಳಗೆ ಬಿಡುವ ಹಾಗಿರಲಿಲ್ಲ. ಸರ್ಕಾರ ಮನೆಮನೆಗೆ ಹಂಚಿದ ಪರಿಹಾರದ ಹಣ ಯಾರಿಗೆ ಬಂದಿರಲಿಲ್ಲವೋ ಅವರೆಲ್ಲ ಕಾಗದಪತ್ರ ಹಿಡಿದು ಇಲ್ಲಿಗೇ ಬರುತ್ತಿದ್ದರು. ಬರ್ನಡೆಟ್ ಪುಕ್ಕಟೆಯಾಗಿ ಅವರ ರಿಟರ್ನ್ ಮಾಡಿಕೊಟ್ಟು, ಬಾರದ ಹಣವನ್ನು ತೆರಿಗೆ ಲೆಕ್ಕದಲ್ಲಿ ವಾಪಸ್ ಕೇಳಿ ಕಳಿಸುತ್ತಿದ್ದಳು. ಕೆಲವರಿಗೆ ಅದು ಬಾಡಿಗೆ, ಕೆಲವರಿಗೆ ಔಷಧ. ಬಂದ ದಿನ ಕಿಟಕಿಗೆ ಬಂದು ಅವಳ ಕೈಗೆ ಮುತ್ತಿಡುವುದೊಂದು ಬಾಕಿ. ಆ ಕೈಯನ್ನೇ ಈಗ ಅವಳು ಮೂರನೇ ಸಲ ಒರೆಸಿಕೊಳ್ಳುತ್ತಿದ್ದಳು.

ಭಾನುವಾರದ ಮಕ್ಕಳ ಪಾಠದ ಕೋಣೆಯಲ್ಲಿ ಇಬ್ಬರೂ ಕೂತರು. ಅಲ್ಲಿದ್ದದ್ದು ಮಕ್ಕಳ ಕುರ್ಚಿಗಳು. ವೆರಾಳ ಮೊಳಕಾಲು ಎದೆಗೆ ಬಂದಿತ್ತು, ಆದರೂ ನಗು ಬರುವ ಹಾಗಿರಲಿಲ್ಲ.

"ಬೇಸಿಲ್ ಹುಡಾಕ್ ವಿಷಯ," ಎಂದಳು ವೆರಾ.

ನವೆಂಬರಿನಲ್ಲಿ ಬೇಸಿಲ್‌ನ ದೋಣಿ ರಕ್ತದ ಕಲೆ ಹೊತ್ತು ಖಾಲಿಯಾಗಿ ತೇಲಿ ಬಂದಿತ್ತು, ಅವನನ್ನು ಕೊಂದನೆಂದು ತಂಗಿಯ ಮಗ ಡ್ಯಾರೆನ್ ಡಿಸೆಂಬರಿನಿಂದ ಜೈಲಿನಲ್ಲಿದ್ದ, ಹೆಣ ಮಾತ್ರ ಸಿಕ್ಕಿರಲಿಲ್ಲ.

"ಅವನ ಹೆಂಡತಿ ಐರೀನ್ ಇವತ್ತು ಬೆಳಿಗ್ಗೆ ಪೇಟೆಯ ತೆರಿಗೆ ಅಂಗಡಿಗೆ ಹೋಗಿದ್ಲು. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ರಿಟರ್ನ್ ಹಾಕಿ, ಬರದೇ ಇರೋ ಕೊರೊನಾ ಹಣ ಕೇಳೋಣ ಅಂತ. ಕಂಪ್ಯೂಟರ್ ತಗೊಳ್ಳಲೇ ಇಲ್ಲ. ಯಾಕೆ ಹೇಳಿ?"

ಯಾಕೆಂದು ಬರ್ನಡೆಟ್ಟಳಿಗಿಂತ ಚೆನ್ನಾಗಿ ಬಲ್ಲವರು ಆ ಕಣಿವೆಯಲ್ಲೇ ಯಾರೂ ಇರಲಿಲ್ಲ.

"ಬೇಸಿಲ್‌ನ ತೆರಿಗೆ ನಂಬರಿನಲ್ಲಿ ಆಗಲೇ ಯಾರೋ ರಿಟರ್ನ್ ಹಾಕಿಬಿಟ್ಟಿದಾರೆ. ಅವನಿಗೆ ಬರಬೇಕಿದ್ದ ಹಣ ಯಾರೋ ಕೇಳಿ ಇಸ್ಕೊಂಡಿದಾರೆ. ಐರೀನ್ ಅಂಗಡೀಲೇ ಕುಸಿದು ಕೂತ್ಲಂತೆ. ಗಂಡ ಬದುಕಿದಾನೋ ಅಥವಾ ಅವನ ಜೇಬು ಬರಿದು ಮಾಡಿದವನು ಊರಲ್ಲೇ ಓಡಾಡ್ತಿದಾನೋ, ಗೊತ್ತಾಗಲಿಲ್ಲ ಅವಳಿಗೆ."

"ಪಾಪ," ಎಂದಳು ಬರ್ನಡೆಟ್.

"ಪಾಪ ಆಮೇಲೆ ಅನ್ನಿ. ಈ ಊರಲ್ಲಿ ಈ ಹಣ ಕೇಳೋಕೆ ಜನ ಬರೋದು ಯಾರ ಕಿಟಕಿಗೆ?"

"ಪೇಟೇಲೂ ಅಂಗಡಿ ಇದಾವಲ್ಲ ವೆರಾ…"

"ಪೇಟೇಲಿ ಗುರುತಿನ ಕಾರ್ಡನ್ನ ಹಿಂದೆ ಮುಂದೆ ತಿರುಗಿಸಿ ನೋಡ್ತಾರೆ. ಕಾಣೆಯಾದವನ ಹೆಸರು ಕಂಡ್ರೆ ನನಗೆ ಫೋನ್ ಮಾಡ್ತಾರೆ. ನೀವು ಮಾಡಲಿಲ್ಲ." ವೆರಾ ಮುಂದಕ್ಕೆ ಬಾಗಿದಳು. "ದುಡ್ಡು ಯಾವ ಖಾತೆಗೆ ಹೋಯ್ತು ಅಂತ ತಿಳ್ಕೊಳ್ಳೋಕೆ ನನಗೆ ನ್ಯಾಯಾಧೀಶರ ಸಹಿ ಬೇಕು. ಸೋಮವಾರ ಸಿಗುತ್ತೆ. ಅಲ್ಲೀತನಕ ಕಾಯಬೇಕಾ, ಇಲ್ಲಾ ನೀವೇ ಹೇಳ್ತೀರಾ?"

ಹೊರಗೆ ಚೆಸ್ಟರ್ ಯಾರಿಗೋ ಉಪ್ಪು ಜಾಸ್ತಿಯಾಯಿತೆಂದು ಬೈಯುತ್ತಿದ್ದ. ಗೋಡೆಯ ಮೇಲೆ ಮಕ್ಕಳು ಬಣ್ಣ ಹಚ್ಚಿದ ಕುರಿಮರಿಗಳಿದ್ದವು. ಅವುಗಳನ್ನೇ ನೋಡುತ್ತಾ ಬರ್ನಡೆಟ್, "ನನ್ನ ಖಾತೆಗೆ," ಎಂದಳು.

ಬಹುಶಃ ಅಷ್ಟು ಬೇಗ, ಅಷ್ಟು ನೇರವಾಗಿ ಉತ್ತರ ಬರುತ್ತದೆಂದು ವೆರಾಳೂ ಎಣಿಸಿರಲಿಲ್ಲ.

"ನಿಮ್ಮ ಸ್ವಂತ ಖಾತೆಗೆ?"

"ಹೌದು."

"ಯಾರ ರಿಫಂಡನ್ನೂ ಕೈಯಲ್ಲಿ ಮುಟ್ಟಬಾರದು ಅನ್ನೋದು ನಿಮಗೆಲ್ಲ ಹೇಳಿಕೊಡೋ ಮೊದಲನೇ ಪಾಠ ಅಲ್ವಾ?"

"ಬೇರೆಯವರಿಗೆ ಆ ಪಾಠ ಹೇಳಿಕೊಡೋಳೇ ನಾನು."

"ಛೀ! ನಿಮ್ಮ ಬಗ್ಗೆ ಏನೇನೋ ಅಂದ್ಕೊಂಡಿದ್ದೆ. ನಾನು ಚಿಕ್ಕೋಳಿದ್ದಾಗ ನಿಮ್ಮ ಕೈಲಿ ಶಾಲೆಯ ಊಟ ತಿಂದೋಳು. ಸತ್ತವನ ನಂಬರ್ ಹಾಕಿ, ಅವನ ಹೆಂಡತಿ ಪಾಲಿನ ಅನ್ನ…"

"ಸತ್ತಿಲ್ಲ!"

ಬರ್ನಡೆಟ್ ಎದ್ದು ನಿಂತಿದ್ದಳು. ಪುಟ್ಟ ಕುರ್ಚಿ ಹಿಂದಕ್ಕೆ ಬಿದ್ದಿತ್ತು.

"ಅವನು ಸತ್ತಿಲ್ಲ ಕಣೇ ವೆರಾ! ಬೇಸಿಲ್ ಬದುಕಿದಾನೆ. ನಾನೇ ನೋಡಿದೀನಿ. ಇದೇ ಕಿಟಕೀಲಿ. ಅವನ ರಿಟರ್ನ್ ನಾನೇ ಹಾಕಿದ್ದು, ಅವನು ಕೇಳಿದ್ದಕ್ಕೇ ಹಾಕಿದ್ದು. ಅದರಲ್ಲಿ ಒಂದು ಕಾಸೂ ನಾನು ಮುಟ್ಟಿಲ್ಲ, ಈ ಕುರಿಮರಿಗಳ ಆಣೆ!"

ಹೇಳಿದ್ದೇ ತಡ, ಅವಳ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಐದು ವಾರದಿಂದ ಅವಳು ಸರಿಯಾಗಿ ಉಸಿರೆಳೆದುಕೊಂಡಿರಲಿಲ್ಲ. ಆದರೆ ಆ ಹಗುರ ಎಷ್ಟು ಹೊತ್ತು? ವೆರಾಳ ಮುಂದಿನ ಪ್ರಶ್ನೆ ಬರುವವರೆಗೆ.

"ಹಾಗಾದ್ರೆ ಡ್ಯಾರೆನ್?"

ಬರ್ನಡೆಟ್ ಕುರ್ಚಿ ಎತ್ತಿ ನೆಟ್ಟಗೆ ಇಟ್ಟಳು. ಕೂರಲಿಲ್ಲ.

"ಬೇಸಿಲ್ ಬದುಕಿದಾನೆ ಅಂತ ನಿಮಗೆ ಗೊತ್ತು. ಅವನನ್ನ ಕೊಂದ ಅಂತ ಇಪ್ಪತ್ನಾಲ್ಕು ವರ್ಷದ ಹುಡುಗನೊಬ್ಬ ಕಂಬಿ ಎಣಿಸ್ತಿದಾನೆ. ಅವನ ತಾಯಿ ಪ್ರತಿ ಶುಕ್ರವಾರ ನಿಮ್ಮ ಕಿಟಕಿಗೆ ಬರ್ತಾಳೆ. ಬರ್ತಾಳೋ ಇಲ್ವೋ?"

"ಬರ್ತಾಳೆ."

"ಅವಳಿಗೆ ಏನು ಕೊಡ್ತೀರಿ?"

"ಒಂದು ತುಂಡು ಮೀನು ಜಾಸ್ತಿ ಹಾಕಿ ಕೊಡ್ತೀನಿ," ಎಂದಳು ಬರ್ನಡೆಟ್. ಹೇಳುವಾಗಲೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮಗನನ್ನು ಕಿತ್ತುಕೊಂಡು ಬದಲಿಗೆ ಮೀನು! ಆ ತಾಯಿ ಪ್ರತಿ ಸಲ "ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ" ಅನ್ನುತ್ತಿದ್ದಳು. ಅದನ್ನು ಕೇಳಿದ ರಾತ್ರಿಗಳಲ್ಲಿ ಬರ್ನಡೆಟ್ ಊಟ ಬಿಡುತ್ತಿದ್ದಳು. ಊಟ ಬಿಟ್ಟರೆ ಪಾಪ ಕರಗುವ ಹಾಗಿದ್ದರೆ ಲೋಕದಲ್ಲಿ ಸಣಕಲರೆಲ್ಲ ಪುಣ್ಯವಂತರೇ ಇರಬೇಕಿತ್ತು.

"ಈಸ್ಟರ್ ಆದ್ಮೇಲೆ ತಾನೇ ಬಂದು ಪೊಲೀಸರ ಮುಂದೆ ನಿಲ್ತೀನಿ, ಹುಡುಗನ್ನ ಬಿಡಿಸ್ಕೊಂಡು ಬರ್ತೀನಿ ಅಂದ. ಅಲ್ಲೀತನಕ ಯಾರಿಗೂ ಗೊತ್ತಾಗಬಾರದು, ಗೊತ್ತಾದ್ರೆ ನನ್ನನ್ನ ಮುಗಿಸ್ತಾರೆ ಅಂದ. ನಾನು ನಂಬಿದೆ."

"ಯಾಕೆ ನಂಬಿದ್ರಿ?"

ಇದಕ್ಕೆ ಉತ್ತರ ಬರ್ನಡೆಟ್ಟಳ ಮುಖದ ಮೇಲೆ ಕೆಂಪಾಗಿ ಬಂತು. ಹತ್ತು ವರ್ಷ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಶನಿವಾರ ಶನಿವಾರ ಪೋಲ್ಕಾ ಕುಣಿತ. ಐರೀನಳಿಗೆ ಮಂಡಿ ನೋವು, ಅವಳು ಕುಣಿಯುತ್ತಿರಲಿಲ್ಲ. ಬೇಸಿಲ್ ಬಂದು "ಏಳು ಡೆಟ್ಟಿ, ಸೊಂಟ ತುಕ್ಕು ಹಿಡೀತದೆ" ಅನ್ನುತ್ತಿದ್ದ. ಅಷ್ಟೇ. ಅದಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ. ಆದರೆ ವಿಧವೆಯ ಮನಸ್ಸಿಗೆ ಅಷ್ಟೇ ಸಾಕಾಗಿತ್ತು.

"ಅವನು ಬದುಕಿರಲಿ ಅಂತ ನನಗೆ ಆಸೆ ಇತ್ತು," ಎಂದಳು. "ಅದಕ್ಕೇ ನಂಬಿದೆ."

ವೆರಾ ದನಿ ಇಳಿಸಿದಳು. "ಕೂತ್ಕೊಳ್ಳಿ. ಅವನು ಬಂದದ್ದು ಯಾವಾಗ, ಹೇಗೆ, ಏನಂದ, ಒಂದೂ ಬಿಡದೆ ಹೇಳಿ. ನಿಧಾನಕ್ಕೆ."

"ಮೊದಲನೇ ಮೀನಿನ ದಿನ, ಬೂದಿ ಬುಧವಾರ. ಹಿಮ ಬೀಳ್ತಿತ್ತು. ನಡೆದುಕೊಂಡು ಬಂದ, ಕಾರಿರಲಿಲ್ಲ. ಅವನ ಅದೇ ಒರಟು ದೋಣಿ ಕೋಟು, ಅದೇ ಕಿವಿ ಮುಚ್ಚೋ ಟೋಪಿ. ಮಾಸ್ಕು. ಉಸಿರಿಗೆ ಕನ್ನಡಕವೆಲ್ಲ ಮಂಜು ಕಟ್ಟಿತ್ತು. ಅವನ ಲೈಸೆನ್ಸು, ಅವನ ನಂಬರಿನ ಕಾರ್ಡು, ಎರಡನ್ನೂ ಕಿಟಕೀಲಿ ತಳ್ಳಿದ. 'ಡೆಟ್ಟಿ, ನಾನು' ಅಂದ. ನನ್ನನ್ನ ಹಾಗೆ ಕರೆಯೋನು ಅವನೊಬ್ಬನೇ."

"ದನಿ?"

"ದನೀನೇ ಇರಲಿಲ್ಲ. ಕೊರೊನಾ ಬಂದು ಗಂಟಲು ಹೋಯ್ತು ಅಂದ. ಬರೀ ಗಾಳಿ. ನಾನು ತೆರಿಗೆ ಕಟ್ಟಿದೋನಲ್ಲ, ಊರಿಗೆಲ್ಲ ಸರ್ಕಾರದ ದುಡ್ಡು ಬಂತು ನನಗೆ ಬರಲಿಲ್ಲ, ಅದನ್ನ ಕೇಳಿ ಕೊಡು, ಅದಿದ್ರೆ ಸ್ವಲ್ಪ ದಿನ ಬಚ್ಚಿಟ್ಕೊಂಡು ಬದುಕ್ತೀನಿ ಅಂದ. ಹೋದ ಬೇಸಿಗೇಲೂ ಅದನ್ನೇ ಗೊಣಗ್ತಿದ್ದ ಅಲ್ವಾ? ಊರಿಗೆಲ್ಲ ಗೊತ್ತು. ಬ್ಯಾಂಕಿನ ಖಾತೆ ಇಲ್ಲ, ನಿನ್ನ ಖಾತೆಗೇ ತರಿಸು ಅಂದ."

"ಮಾಸ್ಕು ಇಳಿಸಿ ಮುಖ ತೋರಿಸು ಅನ್ನಲಿಲ್ವಾ?"

"ಎಲ್ಲರಿಗೂ ಅಂತೀನಿ. ಅವನಿಗೆ ಅನ್ನೋ ಹೊತ್ತಿಗೆ ಕೆಮ್ಮೋಕೆ ಶುರು ಮಾಡಿದ. ಬೇಡಪ್ಪಾ ಹಾಕ್ಕೊಂಡೇ ಇರು ಅಂದೆ." ಬರ್ನಡೆಟ್ ಕಣ್ಣು ಒರೆಸಿಕೊಂಡಳು. "ಕನ್ನಡಕ ಒರೆಸ್ಕೊಳ್ಳೋಕೆ ಟೋಪಿ ಹಿಂದಕ್ಕೆ ತಳ್ಳಿದ. ಹಣೆ ಮೇಲೆ ಬೂದಿ ಇತ್ತು. ನೋಡಿ ಮರುಕ ಬಂತು. ತಲೆ ತಪ್ಪಿಸ್ಕೊಂಡು ತಿರುಗೋ ಹೊತ್ತಲ್ಲೂ ದೇವರನ್ನ ಮರೀಲಿಲ್ವಲ್ಲ ಪಾಪ, ಯಾವುದೋ ಮೂಲೇಲಿ ನಿಂತು ಬೂದಿ ಹಚ್ಚಿಸ್ಕೊಂಡು ಬಂದಿದಾನಲ್ಲ ಅಂತ…"

"ಏನಿತ್ತು?"

"ಬೂದಿ. ಶಿಲುಬೆ ಗುರುತು. ಆ ದಿನ ಎಲ್ಲರ ಹಣೇಲೂ ಇರುತ್ತಲ್ಲ."

"ಎಲ್ಲರ ಹಣೇಲೂ?" ವೆರಾ ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡಳು. ಅವಳ ತುಟಿ ಬಿಳಿಚಿಕೊಂಡಿತ್ತು. "ನನ್ನ ಹಣೇಲಿ ಯಾವತ್ತಾದ್ರೂ ನೋಡಿದೀರಾ, ಬರ್ನಡೆಟ್ಟಮ್ಮ?"

ಬರ್ನಡೆಟ್ಟಳ ಕಣ್ಣು ವೆರಾಳ ಹಣೆಗೆ ಹೋಯಿತು.

"ನಮ್ಮಪ್ಪನ ಹಣೇಲಿ? ಓಲ್ಗಾಜ್ಜಿ ಹಣೇಲಿ? ಗುಡ್ಡದ ಮೇಲಿನ ಚರ್ಚಿನ ಒಬ್ಬೇ ಒಬ್ಬರ ಹಣೇಲಿ?"

ಇಲ್ಲ. ನೋಡಿರಲಿಲ್ಲ. ಗುಡ್ಡದ ಮೇಲಿನವರು ಬೂದಿ ಹಚ್ಚಿಕೊಳ್ಳುವುದೇ ಇಲ್ಲ. ಅವರ ತಪಸ್ಸು ಕಾಲ ಸೋಮವಾರವೇ ಶುರುವಾಗುತ್ತದೆ. ಕೆಳಗಿನವರು ಬುಧವಾರ ಕಣ್ಣುಜ್ಜಿಕೊಂಡು ಏಳುವ ಹೊತ್ತಿಗೆ ಅವರದು ಎರಡು ಉಪವಾಸ ಮುಗಿದಿರುತ್ತದೆ. ಮೂರು ತಲೆಮಾರಿನಿಂದ ಊರಿನ ಎರಡು ಚರ್ಚಿನವರು ಇದೇ ಮಾತಿಗೆ ಒಬ್ಬರನ್ನೊಬ್ಬರು ಕಿಚಾಯಿಸುತ್ತಾ ಬಂದಿದ್ದರು. ಅದರಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿ ಬೇಸಿಲ್‌ನದೇ. ಗುಡ್ಡದ ಚರ್ಚಿನಲ್ಲಿ ಪೂಜೆಗೆ ಹಾಡುವವನು ಅವನು. "ಏನ್ ಡೆಟ್ಟಿ, ಒಲೆ ಗುಡಿಸಿ ಹಣೆಗೆ ಬಳ್ಕೊಂಡ್ಯಾ?" ಎಂದು ಪ್ರತಿ ವರ್ಷ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು. ಅಂಥವನ ಹಣೆಯಲ್ಲಿ ಬೂದಿ ಅಂದರೆ ನಾಮದವರ ಮನೆಯ ಯಜಮಾನ ಮೂರು ಬೆರಳಿನಲ್ಲಿ ವಿಭೂತಿ ಬಳಿದುಕೊಂಡು ಬಂದ ಹಾಗೆ.

ಆ ದಿನ ಬೆಳಗಿನಿಂದ ಅವಳು ಕಂಡ ಪ್ರತಿ ಹಣೆಯಲ್ಲೂ ಬೂದಿಯಿತ್ತು. ಕನ್ನಡಿಯಲ್ಲಿ ಕಂಡ ತನ್ನ ಹಣೆಯಲ್ಲೂ ಇತ್ತು. ಇನ್ನೊಂದು ಹಣೆ ಬಂದರೆ ಯಾರಿಗೆ ವಿಚಿತ್ರ ಅನ್ನಿಸಬೇಕು?

"ಅಯ್ಯೋ ದೇವರೇ," ಎಂದಳು ಬರ್ನಡೆಟ್. "ಹಾಗಾದ್ರೆ ಅದು ಬೇಸಿಲ್ ಅಲ್ವಾ?"

"ಬೇಸಿಲ್ ಅಲ್ಲ. ಬೇಸಿಲ್ ಕೋಟು, ಬೇಸಿಲ್ ಟೋಪಿ, ಬೇಸಿಲ್ ಜೇಬಿನ ಕಾರ್ಡು. ಅದನ್ನೆಲ್ಲ ಅವನ ಮೈಯಿಂದ ಬಿಚ್ಚಿಕೊಂಡವನು. ನಿಮ್ಮ ಚರ್ಚಿನವನು."

ಬೇಸಿಲ್ ಈಗ ಎರಡನೇ ಸಲ ಸತ್ತ ಹಾಗಾಯಿತು. ಈ ಸಲ ಅವಳ ಕೈಯಲ್ಲೇ. ಐದು ವಾರ ಅವಳು ಯಾರ ಗುಟ್ಟನ್ನು ಎದೆಗೆ ಅವುಚಿಕೊಂಡು ಕಾದಳು, ಯಾರಿಗಾಗಿ ಆ ತಾಯಿಯ ಮುಖ ನೋಡದೆ ಮೀನು ಕಟ್ಟಿಕೊಟ್ಟಳು? ಪ್ರತಿ ಭಾನುವಾರ ಮಧ್ಯಾಹ್ನ ಫೋನಿಗಾಗಿ ಕಾದು ಕೂತಿದ್ದಳಲ್ಲ, ತಲೆ ಬಾಚಿಕೊಂಡು! ಫೋನಿನಲ್ಲಿ ಯಾರು ತಲೆ ನೋಡುತ್ತಾರೆ? ನೆನೆದರೆ ನಾಚಿಕೆಯಿಂದ ಮೈ ಸುಡುತ್ತಿತ್ತು.

ವೆರಾ ಎದ್ದು ಆ ಇಕ್ಕಟ್ಟಿನ ಕೋಣೆಯಲ್ಲಿ ಅತ್ತಿಂದಿತ್ತ ನಡೆಯತೊಡಗಿದಳು.

"ಒಂದು ಅರ್ಥ ಆಗ್ತಿಲ್ಲ. ಕೊಲೆ ಮಾಡಿ ದಕ್ಕಿಸಿಕೊಂಡವನು, ಇಷ್ಟು ಸಣ್ಣ ದುಡ್ಡಿಗೆ ಸತ್ತವನ ಕೋಟು ಹಾಕ್ಕೊಂಡು ಹಗಲು ಹೊತ್ತಲ್ಲಿ ಯಾಕೆ ಬರ್ತಾನೆ? ಹಣ ಯಾವಾಗ ಬಂತು ನಿಮ್ಮ ಖಾತೆಗೆ?"

"ಬಂದು ಎರಡು ವಾರ ಆಯ್ತು."

"ಅವನಿಗೆ ಹೇಳಿದ್ರಾ?"

"ಬಂದ ದಿನಾನೇ. ಅವನೇ ಫೋನ್ ಮಾಡ್ತಾನೆ, ನಂಬರ್ ಕಾಣಲ್ಲ. ಬಂದು ತಗೊಂಡ್ಹೋಗು ಅಂದೆ. ಇರಲಿ ಬಿಡು, ಆಮೇಲೆ ನೋಡೋಣ ಅಂದ."

"ಬದುಕೋಕೆ ಬೇಕು ಅಂತ ಗೋಗರೆದವನು, ಬಂದ ಮೇಲೆ ಇರಲಿ ಬಿಡು ಅಂದ್ನಾ?" ವೆರಾ ನಿಂತಳು. "ಹಾಗಾದ್ರೆ ಅವನಿಗೆ ಬೇಕಾಗಿದ್ದು ಹಣ ಅಲ್ಲ. ಪ್ರತಿ ವಾರ ಫೋನ್ ಮಾಡಿ ಏನು ಕೇಳ್ತಾನೆ?"

"ಏನಿಲ್ಲ. ಐರೀನ್ ಹೇಗಿದಾಳೆ, ಡ್ಯಾರೆನ್ ಹೇಗಿದಾನೆ. ಊರಲ್ಲಿ ಏನು ಸುದ್ದಿ. ನೀನು… ಪೊಲೀಸರು ಎಲ್ಲೀವರೆಗೂ ಬಂದಿದಾರೆ ಅಂತ."

"ನೀವು ಹೇಳ್ತಾ ಹೋದ್ರಿ."

"ಅವನ ಜೀವಕ್ಕೆ ಅಪಾಯ ಇದೆ ಅಂದ್ಮೇಲೆ ಹೇಳದೆ ಇರ್ತೀನಾ? ಈ ಕಿಟಕೀಲಿ ಕೂತ್ರೆ ಎಲ್ಲ ಕಿವಿಗೆ ಬೀಳುತ್ತೆ, ವೆರಾ. ಕಿವಿಗೆ ಬಿದ್ದದ್ದನ್ನೆಲ್ಲ…"

ಬರ್ನಡೆಟ್ಟಳ ಕೈ ನಿಧಾನಕ್ಕೆ ಬಾಯಿಯ ಮೇಲೆ ಬಂತು.

"ಏನು ಹೇಳಿದ್ರಿ?"

"ನಿನ್ನೆ ಫೋನ್ ಮಾಡಿದ್ದ. ಭಾನುವಾರ ಅಲ್ಲದಿದ್ರೂ ಮಾಡಿದ. ಡ್ಯಾರೆನ್ ಗತಿ ಏನು ಅಂತ ಕೇಳಿದ. ನನಗೆ ನಿನ್ನೆ ಖುಷಿಯಾಗಿತ್ತು, ಓಲ್ಗಾ ರಿಟರ್ನಿಗೆ ಅಂತ ಬಂದಿದ್ಲು, ಅವಳು ಹೇಳಿದ್ಲು…"

"ಓಲ್ಗಾಜ್ಜಿ ಏನು ಹೇಳಿದ್ರು ನಿಮಗೆ?"

"ಸೋಮವಾರ ನೀನು ಅವಳನ್ನ ಕೋರ್ಟಿಗೆ ಕರ್ಕೊಂಡು ಹೋಗ್ತೀಯ ಅಂತ. ದೋಣಿ ಇಳಿಸೋ ಜಾಗದ ಪಕ್ಕದ ಮನೆ ಅವಳದ್ದಲ್ವಾ. ಕಣ್ಣು ಕಾಣದಿದ್ರೂ ಕಿವಿ ಚುರುಕು. ಆ ಸಂಜೆ ಬೇಸಿಲ್ ಜೊತೆ ಜಗಳ ಆಡ್ತಿದ್ದ ದನಿ ಡ್ಯಾರೆನ್‌ದಲ್ಲ, ಬೇರೆ ಗಂಡಸಿನದು, ಇನ್ನೊಂದು ಸಲ ಕೇಳಿದ್ರೆ ಸಾವಿರ ಜನರಲ್ಲೂ ಗುರುತು ಹಿಡೀತೀನಿ ಅಂತ."

"ಅದನ್ನ ಅವನಿಗೆ ಹೇಳಿದ್ರಿ."

"ಹೇಳಿದೆ." ಬರ್ನಡೆಟ್ಟಳ ದನಿ ಈಗ ಕೇಳಿಸುವ ಹಾಗಿರಲಿಲ್ಲ. "ಇನ್ನು ನಿನಗೆ ಭಯ ಬೇಡ, ಓಲ್ಗಾ ಹೇಳಿದ್ರೆ ಹುಡುಗ ಬಿಡುಗಡೆ ಆಗ್ತಾನೆ, ನಿನ್ನನ್ನ ಹೆದರಿಸಿದೋನು ಸಿಕ್ಕಿಬೀಳ್ತಾನೆ ಅಂದೆ. ಆಮೇಲೆ, ಓಲ್ಗಾ ಮಗಳು ಹಗಲಲ್ಲಿ ಮನೇಲಿರ್ತಾಳಾ ಅಂತ ಕೇಳಿದ."

"ನೀವೇನಂದ್ರಿ?"

"ಇಲ್ಲ, ಶುಕ್ರವಾರ ಸಂಜೆವರೆಗೂ ಆಸ್ಪತ್ರೇಲಿ ಡ್ಯೂಟಿ ಅಂದೆ."

ವೆರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಫೋನು ತೆಗೆದು ಮೊದಲು ಠಾಣೆಗೆ ಎರಡು ಮಾತಿನಲ್ಲಿ ವಿಳಾಸ ಹೇಳಿದಳು. ಆಮೇಲೆ ಓಲ್ಗಾಳ ಮನೆಗೆ ಮಾಡಿ, ಇಬ್ಬರಿಗೂ ಕೇಳಿಸುವ ಹಾಗೆ ಸ್ಪೀಕರ್ ಹಾಕಿ ಮಕ್ಕಳ ಮೇಜಿನ ಮೇಲಿಟ್ಟಳು.

ಗಂಟೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ಬರ್ನಡೆಟ್ ಕಣ್ಣು ಮುಚ್ಚಿಕೊಂಡಳು.

"ಹಲೋ! ಯಾರು?" ಮುದುಕಿಯ ಗಟ್ಟಿ ದನಿ.

"ಓಲ್ಗಾಜ್ಜಿ, ನಾನು ವೆರಾ. ಚೆನ್ನಾಗಿದೀರಾ?"

"ಅಯ್ಯೋ ವೆರಾ, ನಿನಗೇ ಮಾಡೋಣ ಅಂತಿದ್ದೆ ಕಣೇ! ಸೋಮವಾರ ಕೋರ್ಟೂ ಬೇಡ ಕಚೇರೀನೂ ಬೇಡ. ಇಲ್ಲಿ ಯಾರು ಬಂದಿದಾರೆ ಹೇಳು ನೋಡೋಣ?"

ವೆರಾಳ ಕೈ ಕಾರಿನ ಕೀಲಿಯ ಮೇಲೆ ಹೋಯಿತು.

"ಬೇಸಿಲ್ ಬಂದಿದಾನೆ! ನಮ್ಮ ಬೇಸಿಲ್! ಬದುಕಿದಾನೆ ಕಣೇ! ಗಂಟಲು ಪೂರ್ತಿ ಹೋಗ್ಬಿಟ್ಟಿದೆ ಪಾಪ, ಗಾಳೀಲೇ ಮಾತಾಡ್ತಾನೆ. ಅವನ ಆ ದರಿದ್ರ ಕೋಟು ಕೈಯಲ್ಲಿ ಮುಟ್ಟಿ ನೋಡಿದೆ, ಅದೇ ಕೋಟು. ನನಗೆ ಬಿಸಿಬಿಸಿ ಮೀನು ಬೇರೆ ತಂದಿದಾನೆ. ಒಂದು ಸುತ್ತು ನದಿ ಕಡೆ ಹೋಗಿಬರೋಣ ಬಾ, ಹೊರಗಡೆ ಚೆನ್ನಾಗಿದೆ ಅಂದ, ಬೂಟ್ಸು ಹಾಕ್ಕೊಳ್ತಿದೀನಿ."

ವೆರಾ ಬರ್ನಡೆಟ್ಟಳ ತೋಳು ಹಿಡಿದು, ಬಾಯಿ ಮಾತ್ರ ಆಡಿಸುತ್ತಾ ಹೇಳಿದಳು: ಮಾತಾಡಿಸಿ. ತಡೆದು ನಿಲ್ಲಿಸಿ. ನಮ್ಮವರು ಸೇತುವೆ ದಾಟಬೇಕು.

ಐದು ವಾರ ಕಾಲ ಅವಳು ಆ ಮನುಷ್ಯನೊಂದಿಗೆ ಅರಿಯದೆ ಸವಿಯಾಗಿ ಮಾತಾಡಿದ್ದಳು. ಈಗ ಅರಿತು ಮಾತಾಡಬೇಕಿತ್ತು. ಒಂದು ಅಕ್ಷರ ತಪ್ಪಿದರೂ ಓಲ್ಗಾ ನದಿಯ ಪಾಲು, ಡ್ಯಾರೆನ್ ಜೈಲಿನ ಪಾಲು. ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದ ಹೆಂಗಸು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಓಲ್ಗಾ, ನಾನು ಬರ್ನಡೆಟ್. ಒಂದು ನಿಮಿಷ ಅವನಿಗೆ ಫೋನ್ ಕೊಡೇ."

"ಓಹೋ, ನೀನೂ ಇದೀಯಾ! ಕುಣಿಯೋಕೆ ಜೊತೆಗಾರ ಬಂದ ನೋಡು. ತಗೋ ಬೇಸಿಲ್, ನಿನ್ನ ಡೆಟ್ಟಿ."

ಫೋನು ಕೈ ಬದಲಾಯಿತು. ಆ ಕಡೆ ಉಸಿರಾಟ ಕೇಳಿಸಿತು.

"ಬೇಸಿಲ್," ಎಂದಳು ಬರ್ನಡೆಟ್. ದನಿ ನಡುಗಲಿಲ್ಲ. ತನಗೇ ಆಶ್ಚರ್ಯವಾಗುವಷ್ಟು ಮೃದುವಾಗಿ ಬಂತು. "ಊರಿಗೆ ಬಂದವನು ನನಗೆ ಹೇಳಬಾರದಾ? ನಿನ್ನ ದುಡ್ಡು ಬ್ಯಾಂಕಿಂದ ತಂದಿಟ್ಟಿದೀನಿ ಕಣೋ. ಓಲ್ಗಾನ ಆಮೇಲೆ ಕರ್ಕೊಂಡು ಹೋಗುವೆಯಂತೆ. ಮೊದಲು ನೀನು ಬಂದು ಅದನ್ನ ಇಸ್ಕೋ. ಕಿಟಕೀಲೇ ಕಾಯ್ತಿರ್ತೀನಿ."

ಆ ಕಡೆ ಬಾಗಿಲೊಂದು ಮುಚ್ಚಿಕೊಂಡ ಸದ್ದು. ಅವನು ಮುದುಕಿಗೆ ಕೇಳಿಸದ ಹಾಗೆ ಬೇರೆ ಕೋಣೆಗೆ ಹೋಗಿದ್ದ.

"ಆ ದುಡ್ಡು ನೀನೇ ಇಟ್ಕೋ, ಬರ್ನಡೆಟ್," ಎಂದನು. ಗಾಳಿಯಲ್ಲಲ್ಲ. ತುಂಬು ದನಿಯಲ್ಲಿ, ನಿಧಾನವಾಗಿ, ಒಂದು ಅಕ್ಷರವೂ ಒಡೆಯದ ಹಾಗೆ. "ಕೇಳಿದವಳು ನೀನು, ಬಂದಿದ್ದು ನಿನ್ನ ಖಾತೆಗೆ. ಸತ್ತವನ ದುಡ್ಡು ಯಾರು ತಿಂದ್ರು ಅಂತ ಕೇಳಿದ್ರೆ ವೆರಾ ಯಾರ ಕಡೆ ನೋಡ್ತಾಳೆ, ನೀನೇ ಹೇಳು."

ಫೋನು ಕಟ್ಟಾಯಿತು.

"ಯಾರದು?" ವೆರಾ ಆಗಲೇ ಬಾಗಿಲಲ್ಲಿದ್ದಳು, ಕಾರಿನ ಕೀಲಿ ಕೈಯಲ್ಲಿತ್ತು. "ದನಿ ಗುರುತು ಸಿಕ್ತಾ? ಮಾತಾಡಿ ಬರ್ನಡೆಟ್ಟಮ್ಮ, ಯಾರು?"

ಬರ್ನಡೆಟ್ ತನ್ನ ಬಲಗೈಯನ್ನು ಬಿಚ್ಚಿ ನೋಡುತ್ತಿದ್ದಳು. ಕಳೆದ ಭಾನುವಾರ ಬೆಳಿಗ್ಗೆ ಅದೇ ದನಿ ಪಾದ್ರಿಯ ನಿಲುವಂಗಿಯಲ್ಲಿ ಕೆಳಗಿನ ಚರ್ಚಿನ ಪೀಠದ ಮುಂದೆ ನಿಂತು, ಈ ಅಂಗೈಯಲ್ಲಿ ಪರಮಪ್ರಸಾದ ಇಟ್ಟು, "ಕ್ರಿಸ್ತರ ಶರೀರ" ಎಂದಿತ್ತು. ಅವಳು ತಲೆ ಬಾಗಿಸಿ "ಆಮೆನ್" ಎಂದಿದ್ದಳು.